ಮಗುವಿಗೆ ತಕ್ಕ ಮನೆ

ಜೂನ್ ೩, ಸೋಮವಾರ

ಪೊಲೀಸರು ಇವತ್ತು ಬೀಗದ ಕೈ ಕೊಟ್ಟರು. ಹದಿನಾಲ್ಕು ತಿಂಗಳಿಂದ ಮುಚ್ಚಿದ್ದ ಮನೆ, ತಂಗಿಯ ಮನೆ. ಬಾಗಿಲು ತೆಗೆಯುವ ಮೊದಲೇ ಮೂಗು ಮುಚ್ಚಿಕೊಂಡಿದ್ದೆ. ಒಳಗೆ ಬರೀ ಧೂಳಿನ ವಾಸನೆ.

ಮೂರನೇ ಮಹಡಿ. ಒಂದು ಹಾಲ್, ಒಂದು ಕೋಣೆ, ಅಡುಗೆಮನೆ, ಒಬ್ಬರು ನಿಲ್ಲುವಷ್ಟು ಬಾಲ್ಕನಿ. ಹಾಲಿನ ಎಡಗೋಡೆಯಲ್ಲಿ, ನನ್ನ ಸೊಂಟದ ಎತ್ತರಕ್ಕೆ, ಅದು ಇದೆ. ಒಣಗಿ ಕಂದಾಗಿದೆ. ಅಲ್ಲಿಂದ ಮೂರು ಗೆರೆ ಇಳಿದು ಅರ್ಧಕ್ಕೆ ನಿಂತಿವೆ. ಪಕ್ಕದಲ್ಲಿ ಇಸ್ತ್ರಿಪೆಟ್ಟಿಗೆಯ ಮೂತಿ ಬಡಿದ ಗುಂಡಿ. ಅವನ ಮೊದಲ ಏಟು ಗುರಿ ತಪ್ಪಿ ಗೋಡೆಗೆ ಬಿತ್ತು. ಆಮೇಲಿನ ಒಂಬತ್ತೂ ತಪ್ಪಲಿಲ್ಲ. ವೈದ್ಯರ ವರದಿಯನ್ನು ಸರ್ಕಾರಿ ವಕೀಲೆ ಓದಿ ಹೇಳುವಾಗ ನಾನು ಬೆರಳು ಮಡಚುತ್ತಾ ಕೂತಿದ್ದೆ.

ತಂಗಿಯ ಗಂಡ ಎಂದು ಇಲ್ಲಿ ಬರೆಯುವುದಿಲ್ಲ. 'ಅವನು' ಅಂದರೆ ಸಾಕು. ಅವನೀಗ ಜೈಲಿನಲ್ಲಿದ್ದಾನೆ.

ಶನಿವಾರ ಅವಳ ಮಗಳನ್ನು ಮಕ್ಕಳ ಆಶ್ರಮದಿಂದ ಕಳಿಸಿಕೊಡುತ್ತಾರೆ. ಒಂಬತ್ತು ವರ್ಷ. ಅವತ್ತು ಮಂಚದ ಕೆಳಗಿದ್ದು ಎಲ್ಲ ನೋಡಿದ್ದು ಅವಳೊಬ್ಬಳೇ. ಆಗಸ್ಟ್ ಕೊನೆಗೆ ಕೋರ್ಟಿನಲ್ಲಿ ಹೇಳಬೇಕು. ಅವನ ಅಣ್ಣ, ಲಾರಿ ಓಡಿಸುವವನು, "ಮಗು ನಮ್ಮ ಮನೆತನದ್ದು, ನಮಗೇ ಕೊಡಿ" ಎಂದು ಅರ್ಜಿ ಹಾಕಿದ್ದಾನೆ. ಆ ಅಣ್ಣನ ಕೈಗೆ ಸಿಕ್ಕರೆ ಮಗುವಿನ ಬಾಯಿ ಮುಚ್ಚಿದ ಹಾಗೇ. ನಾನಿರುವ ಹೆಂಗಸರ ಹಾಸ್ಟೆಲಿನಲ್ಲಿ ಮಕ್ಕಳಿಗೆ ಜಾಗವಿಲ್ಲ. ಅದಕ್ಕೇ ಈ ಮನೆ. ಇಪ್ಪತ್ತೆರಡನೇ ತಾರೀಕು ಮಕ್ಕಳ ಇಲಾಖೆಯ ಅಧಿಕಾರಿ ಬಂದು ನೋಡಿ, ಇದು ಮಗುವಿಗೆ ತಕ್ಕ ಮನೆ ಎಂದು ಬರೆದುಕೊಡಬೇಕು.

ಸಾಕ್ಷಿ ಮುಗಿಯುವವರೆಗೆ ಇಟ್ಟುಕೊಳ್ಳುತ್ತೇನೆ. ಆಮೇಲೆ ಒಂದು ಒಳ್ಳೆಯ ಶಾಲೆಯ ಹಾಸ್ಟೆಲ್ ನೋಡಿ ಸೇರಿಸಬೇಕು. ಮಕ್ಕಳನ್ನು ಸಾಕುವ ತಾಳ್ಮೆ ನನಗಿಲ್ಲ. ನನಗೆ ಬೇಕಾಗಿರುವುದು ಅವನಿಗೆ ಗಲ್ಲು.

ಜೂನ್ ೬, ಗುರುವಾರ

ಗೋಡೆ ತೊಳೆದೆ, ಉಪ್ಪುಕಾಗದ ಹಾಕಿ ಉಜ್ಜಿದೆ, ಗುಂಡಿ ತುಂಬಿದೆ, ಬಿಳಿ ಬಣ್ಣ ಎರಡು ಸಲ ಹೊಡೆದೆ. ನಿನ್ನೆ ಬೆಳಿಗ್ಗೆ ಎದ್ದು ನೋಡಿದರೆ ಅದು ವಾಪಸ್ ಬಂದಿತ್ತು. ಹಳದಿಗೆ ತಿರುಗಿ, ಮೊದಲಿಗಿಂತ ಅಗಲವಾಗಿ. ಬ್ರಷ್ಷನ್ನು ಅದರ ಮೇಲೆಯೇ ಬೀಸಿ ಎಸೆದೆ. ಬಣ್ಣದ ಡಬ್ಬವನ್ನು ಒದ್ದೆ. ನೆಲವೆಲ್ಲ ಬಿಳಿ. ಒರೆಸಿದವಳೂ ನಾನೇ.

ಪೇಂಟ್ ಅಂಗಡಿಯವನು ಕೇಳಿದ. "ಏನ್ ಕಲೆ ಅಕ್ಕಾ?"

"ಟೀ."

"ಟೀ ಕಲೆ ಹೀಗ್ ಬರಲ್ವಲ್ಲ. ತುಕ್ಕಾ?"

"ಹೂಂ. ತುಕ್ಕು."

"ನೀರಿನ ಪೇಂಟ್ ಹತ್ತು ಸಲ ಹೊಡೆದ್ರೂ ಅದು ಮೇಲಕ್ಕೆ ಬರತ್ತೆ. ಮೊದ್ಲು ಆಯಿಲ್ ಪ್ರೈಮರ್ ಹೊಡೀರಿ. ಒಂದು ದಿನ ಒಣಗಕ್ಕೆ ಬಿಡಿ. ಆಮೇಲೆ ನಿಮಗೆ ಬೇಕಾದ ಬಣ್ಣ."

ಹಾಗೇ ಮಾಡಿದೆ. ನಿಂತಿತು. ಈಗ ಕಾಣುವುದಿಲ್ಲ. ಎಲ್ಲಿತ್ತು ಎಂದು ನನಗೆ ಗೊತ್ತಿದೆ, ಅಷ್ಟೇ.

ಜೂನ್ ೮, ಶನಿವಾರ

ಬಂದಳು. ಒಂದು ಚೀಲ, ಅದರೊಳಗೆ ಎರಡು ಜೊತೆ ಬಟ್ಟೆ. ತಂಗಿ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದಳು. ಈಗ ಆ ಹೆಸರಿಗಿಂತಲೂ ತೆಳ್ಳಗಾಗಿದ್ದಾಳೆ. ಹೊಸಿಲಲ್ಲೇ ನಿಂತಳು. ಹೊಸ ಬಣ್ಣದ ಕಡೆ ತಲೆ ಎತ್ತಲಿಲ್ಲ. ಸೀದಾ ಕೋಣೆಗೆ ಹೋಗಿ ಮಂಚದ ಕೆಳಗೆ ಬಗ್ಗಿ ನೋಡಿದಳು.

ಎದುರು ಮನೆಯ ನಿವೃತ್ತ ಮೇಷ್ಟ್ರು ಬಾಗಿಲ ಸರಪಳಿ ಹಾಗೇ ಇಟ್ಟುಕೊಂಡು ಸಂದಿಯಿಂದ ನೋಡುತ್ತಿದ್ದರು. ಅವತ್ತು ತಂಗಿ ಕೂಗಿಕೊಂಡಾಗ ರೇಡಿಯೊ ಜೋರು ಮಾಡಿದ ಮನುಷ್ಯ. ಪೊಲೀಸರಿಗೆ "ನನಗೇನೂ ಕೇಳಿಸಲಿಲ್ಲ" ಎಂದರಂತೆ. ಅವರ ಮೂತಿಗೆ ಬಾಗಿಲು ಬಡಿದೆ.

ಮಗು ಅನ್ನ ಮುಟ್ಟಲಿಲ್ಲ. ಮಂಚದ ಕೆಳಗೇ ಮಲಗಿದೆ.

ಜೂನ್ ೧೨, ಬುಧವಾರ

ನಾನು ಮಾಡಿದ್ದರಲ್ಲಿ ತಪ್ಪೇನಿದೆ?

ಅವಳು ಶಾಲೆಗೆ ಹೋದ ಮೇಲೆ ರಜೆ ಹಾಕಿ ಕೆಲಸಕ್ಕೆ ಕೂತೆ. ಇಪ್ಪತ್ತೆರಡು ವರ್ಷದಿಂದ ಸೋಫಾ ಅಂಗಡಿಯಲ್ಲಿ ಕುಶನ್ ಹೊಡೆಯುವವಳು ನಾನು. ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಬಡಿಯುವುದರಿಂದ ಎಲ್ಲರಿಗೂ ನಾನು ಮೊಳೆಯಕ್ಕ. ಯಜಮಾನರು ಅಂಗಡಿಯ ತುಂಡು ಪದಾರ್ಥವನ್ನೆಲ್ಲ ತೆಗೆದುಕೊಂಡು ಹೋಗು ಎಂದಿದ್ದಾರೆ. ಪೆಟ್ಟಿಗೆಯ ಹಲಗೆ ಕೊಯ್ದು ಮಂಚದ ಕೆಳಗನ್ನು ನಾಲ್ಕೂ ಕಡೆ ಮುಚ್ಚಿದೆ. ಮೇಲೆ ಸ್ಪಂಜು, ಅದರ ಮೇಲೆ ನೀಲಿ ರೆಕ್ಸಿನ್, ಅಂಚಿಗೆ ಹಿತ್ತಾಳೆ ತಲೆಯ ಮೊಳೆ. ದೊಡ್ಡವರ ಮನೆಯ ಮಂಚದ ಹಾಗೆ ಕಂಡಿತು. ಇನ್ನು ಮೇಲೆ ಮಲಗಲೇಬೇಕಲ್ಲ ಎಂದುಕೊಂಡೆ.

ಅವಳು ಬಂದು ನೋಡಿದಳು. ಚೀಲ ಕೈಯಿಂದ ಜಾರಿತು. ಮಂಡಿಯೂರಿ ರೆಕ್ಸಿನ್ನನ್ನು ಉಗುರಿನಿಂದ ಕಿತ್ತಳು. ಉಗುರಿನ ಬುಡದಿಂದ ರಕ್ತ ಬಂದರೂ ಬಿಡಲಿಲ್ಲ. ಕಿರುಚಿದ ಕಿರುಚಾಟಕ್ಕೆ ಕೆಳಗಿನ ಮಹಡಿಯವರು ಹೊರಗೆ ಬಂದಿರಬೇಕು. ಎಳೆಯಲು ಹೋದರೆ ನನ್ನ ಮಣಿಕಟ್ಟು ಕಚ್ಚಿದಳು. "ನಿಲ್ಸೇ!" ಎಂದು ಕೆನ್ನೆಗೆ ಬಾರಿಸಿಬಿಟ್ಟೆ.

ತಟ್ಟನೆ ನಿಂತಿತು. ಅಳಲಿಲ್ಲ. ಗೋಡೆಯ ಮೂಲೆಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯನ್ನು ತಲೆಯ ಮೇಲೆ ಕವುಚಿಕೊಂಡಿತು. ಯಾರೋ ಕಲಿಸಿಕೊಟ್ಟ ಹಾಗೆ.

ಜೂನ್ ೧೩, ಗುರುವಾರ

ಕೆನ್ನೆಯ ಮೇಲೆ ಮೂರು ಬೆರಳು. ಶಾಲೆಗೆ ಕಳಿಸಲಿಲ್ಲ.

ಜೂನ್ ೧೪, ಶುಕ್ರವಾರ

ಕಿತ್ತೆ. ನಾಲ್ಕು ಕಡೆಯೂ. ಹೊಡೆದ ಮೊಳೆ ಕೀಳುವುದು ಹೊಡೆಯುವುದಕ್ಕಿಂತ ಕಷ್ಟದ ಕೆಲಸ. ಅವಳು ದೂರದಲ್ಲಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕೊನೆಗೆ ನಾನೇ ಕೇಳಿದೆ. "ಹೇಗಿರ್ಬೇಕು, ನೀನೇ ಹೇಳು."

ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಒಂದ್ ಕಡೆ ಮಾತ್ರ ತೆಗೆದಿರ್ಲಿ. ಕಿಟಕಿ ಕಡೆ."

"ಹಾಲ್ ಕಡೆ?"

"ಮುಚ್ಬಿಡಿ ದೊಡ್ಡಮ್ಮ. ಅವತ್ತು ಹಾಲ್ ಕಡೆ ತೆಗೆದಿತ್ತು."

ನನ್ನನ್ನು ದೊಡ್ಡಮ್ಮ ಎಂದದ್ದು ಇದೇ ಮೊದಲು. ನಾನು ಬಾಯಲ್ಲಿ ಮೊಳೆ ಇಟ್ಟುಕೊಂಡು ತಲೆಯಾಡಿಸಿದೆ. ಹಾಲಿನ ಕಡೆ ಎರಡು ಪದರ ಹಲಗೆ ಹಾಕಿದೆ. ಕಿಟಕಿಯ ಕಡೆ ಒಂದು ಪರದೆ. ಒಳಗೆ ನೆಲಕ್ಕೆ ಸ್ಪಂಜು. ಪರದೆಗೆ ಬಟ್ಟೆ ಅವಳೇ ಆರಿಸಿದಳು, ಹಸಿರು ಪಟ್ಟೆ, ನನಗೆ ಹಿಡಿಸದ ಬಣ್ಣ.

ಜೂನ್ ೨೨, ಶನಿವಾರ

ಅಧಿಕಾರಿ ಬಂದಿದ್ದರು. ಅಡುಗೆಮನೆ, ಕಕ್ಕಸು, ಕಿಟಕಿಯ ಕಂಬಿ ಎಲ್ಲ ನೋಡಿದರು. ಮಂಚದ ಪರದೆ ಎತ್ತಿ, "ಇದೇನಮ್ಮ?" ಎಂದರು.

"ನನ್ ರೂಮು" ಎಂದಳು ಕಡ್ಡಿ.

ಅವರು ಬಗ್ಗಿ ಒಳಗೆ ನೋಡಿ, ಎದ್ದು ಸೀರಿಯಸ್ಸಾಗಿ "ಗಾಳಿ ಚೆನ್ನಾಗಿ ಬರತ್ತೆ" ಎಂದು ಬರೆದುಕೊಂಡರು. ನನಗೆ ನಗು ಬಂತು. ಸಹಿ ಹಾಕಿದರು. ಇನ್ನು ಲಾರಿಯವನ ಅರ್ಜಿ ನಿಲ್ಲುವುದಿಲ್ಲ.

ಜುಲೈ ೭, ಭಾನುವಾರ

ಇವತ್ತು ದೀಪದ ಡಬ್ಬ ಮಾಡಿದೆವು. ಖಾಲಿ ಹಾಲಿನ ಪುಡಿ ಡಬ್ಬಕ್ಕೆ ಒದ್ದೆ ಮರಳು ಒತ್ತಿ ತುಂಬಬೇಕು, ಇಲ್ಲದಿದ್ದರೆ ಬಡಿದಾಗ ನೆಗ್ಗುತ್ತದೆ. ಮೇಲೆ ಚುಕ್ಕಿ ಬರೆದುಕೊಂಡು, ಚುಕ್ಕಿಗೊಂದು ಮೊಳೆ ಇಟ್ಟು ಬಡಿದರೆ ತೂತು. ಒಳಗೆ ಬಲ್ಬು ಇಟ್ಟರೆ ಗೋಡೆಯ ತುಂಬ ನಕ್ಷತ್ರ.

ಕಡ್ಡಿಗೆ ಸುತ್ತಿಗೆ ಕೊಟ್ಟೆ. ಮೊದಲು ನಾಜೂಕಾಗಿ ಬಡಿದಳು. ಆಮೇಲೆ ಹಲ್ಲು ಕಚ್ಚಿ ಬಡಿಯತೊಡಗಿದಳು. ಚುಕ್ಕಿ ಬಿಟ್ಟು ಎಲ್ಲೆಂದರಲ್ಲಿ. ಡಬ್ಬ ಉರುಳಿದರೂ ನೆಲಕ್ಕೆ ಒತ್ತಿಹಿಡಿದು ಬಡಿದಳು.

"ಯಾರದು?" ಎಂದೆ.

"ಅಪ್ಪ."

ಬಿಡಿಸಬೇಕಿತ್ತೇನೋ. ನಾನು ಇನ್ನೊಂದು ಡಬ್ಬ ತೆಗೆದುಕೊಂಡು ಎದುರಿಗೆ ಕೂತೆ. ಇಬ್ಬರೂ ಸೇರಿ ಅವನ ಮುಖ ಜಜ್ಜಿದೆವು. ನನ್ನದು ಬಾಯಿ, ಅವಳದು ಕಣ್ಣು. ಎರಡು ಡಬ್ಬ ಚಪ್ಪಟೆಯಾದವು, ಮರಳು ಮನೆಯೆಲ್ಲ ಹರಡಿತು. ಇಬ್ಬರೂ ಬೆವತು ನೀರಾಗಿದ್ದೆವು. ನನಗೆ ವರ್ಷದಿಂದ ಇಷ್ಟು ಹಗುರ ಅನ್ನಿಸಿರಲಿಲ್ಲ.

ರಾತ್ರಿ ಅವಳು ಎರಡು ಬಟ್ಟಲು ಅನ್ನ ತಿಂದಳು.

ಜುಲೈ ೧೮, ಗುರುವಾರ

ಲಾರಿಯವನು ಅಂಗಡಿಗೆ ಬಂದಿದ್ದ. ಸ್ಟೂಲ್ ಎಳೆದುಕೊಂಡು ನನ್ನ ಎದುರಿಗೇ ಕೂತ. ಜೇನು ಸುರಿದ ಹಾಗೆ ಮಾತು.

"ಏನಕ್ಕಾ, ಚೆನ್ನಾಗಿದೀರಾ? ಮನೆ ಬಹಳ ಚೆಂದ ಮಾಡಿದೀರಂತೆ. ಬಣ್ಣ, ದೀಪ, ಪರದೆ ಎಲ್ಲ."

ನಾನು ರೆಕ್ಸಿನ್ ಕತ್ತರಿಸುತ್ತಲೇ ಇದ್ದೆ.

"ಮಗು ಏನೂ ನೋಡಿಲ್ಲ ಅಂದ್ಬಿಟ್ರೆ ಆಯ್ತು. ಚಿಕ್ಕದು, ನಿದ್ದೆಗಣ್ಣಲ್ಲಿ ಏನೋ ಕಂಡಿರತ್ತೆ. ನಮ್ಮ ಹುಡುಗ ಕೆಟ್ಟೋನಲ್ಲ ಅಕ್ಕಾ, ಸಿಟ್ಟು ಜಾಸ್ತಿ ಅಷ್ಟೇ."

ಎದ್ದು ಹೊರಡುವಾಗ ಹೇಳಿದ. "ಬಾಲ್ಕನಿ ಕಂಬಿ ಗಿಡ್ಡ ಇದೆ ಅಲ್ವಾ ಆ ಮನೇದು? ಮೂರನೇ ಮಹಡಿ. ಹುಷಾರು. ಮಕ್ಕಳು ಬೀಳ್ತಿರ್ತಾವೆ."

ಕತ್ತರಿ ಅವನ ಹೊಟ್ಟೆಯ ಮಟ್ಟಕ್ಕೇ ಇತ್ತು. ಒಂದು ಹೆಜ್ಜೆ ಸಾಕಿತ್ತು. ಯಜಮಾನರು ಬಂದು ಭುಜ ಹಿಡಿದಾಗ ನೋಡಿಕೊಂಡೆ, ಕತ್ತರಿಯ ಹಿಡಿ ಒತ್ತಿ ಒತ್ತಿ ಹೆಬ್ಬೆರಳ ಬುಡದ ಚರ್ಮ ಕಿತ್ತುಬಂದಿದೆ. ಪೊಲೀಸರಿಗೆ ದೂರು ಕೊಟ್ಟೆ. ಬರೆದುಕೊಂಡರು. ಬರೆದುಕೊಂಡರು, ಅಷ್ಟೇ.

ಸುತ್ತಿಗೆ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದೇನೆ. ಲಾರಿಯವನು ಬರಲಿ ಎಂದು ಕಾಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ಬರಲಿ ಎಂದೇ ಆಸೆ.

ಆಗಸ್ಟ್ ೪, ಭಾನುವಾರ

ಬಂದ.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಬಲಗೈ ಊದಿದೆ. ಆದರೆ ಇವತ್ತೇ ಬರೆಯಬೇಕು.

ಮಧ್ಯಾಹ್ನ ಮೂರು ಗಂಟೆ. ಕೋಣೆಯ ಗೋಡೆಗೆ ಎಲೆ ಅಚ್ಚು ಒತ್ತುತ್ತಿದ್ದೆವು. ಹಳೇ ಎಕ್ಸ್‌ರೇ ಹಾಳೆಯಲ್ಲಿ ಎಲೆ ಆಕಾರ ಕತ್ತರಿಸಿ, ಗೋಡೆಗೆ ಹಿಡಿದು, ಸ್ಪಂಜಿನ ತುಂಡಿಗೆ ಬಣ್ಣ ಅದ್ದಿ ಒತ್ತುವುದು. ಬಣ್ಣದ ವಾಸನೆ ಹೋಗಲೆಂದು ಮುಂಬಾಗಿಲು ತೆರೆದಿಟ್ಟಿದ್ದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಕಡ್ಡಿ ನೀರು ತರಲು ಹಾಲ್ ದಾಟಿ ಅಡುಗೆಮನೆಗೆ ಹೊರಟಳು. ಚೊಂಬು ಬಿದ್ದ ಸದ್ದು. ನಾನು ಬರುವಷ್ಟರಲ್ಲಿ ಲಾರಿಯವನು ಅವಳ ಜುಟ್ಟು ಹಿಡಿದು ಬಾಲ್ಕನಿಯ ಕಡೆ ಎಳೆಯುತ್ತಿದ್ದ. ಅವಳು ಕೂಗುತ್ತಿರಲಿಲ್ಲ. ಎರಡೂ ಕೈಯನ್ನು ತಲೆಯ ಮೇಲೆ ಕವುಚಿಕೊಂಡಿದ್ದಳು. ಅವನು ಹೇಳುತ್ತಿದ್ದ: "ಕೆಳಗೆ ನೋಡೇ. ನೋಡು. ಕೋರ್ಟಲ್ಲಿ ಬಾಯ್ಬಿಟ್ರೆ ಇಲ್ಲಿಂದಾನೇ."

ದಿಂಬಿನ ಕೆಳಗಿನ ಸುತ್ತಿಗೆ ತಂದು ಅವನ ಮಣಿಕಟ್ಟಿಗೆ ಹೊಡೆದೆ. ಜುಟ್ಟು ಬಿಟ್ಟ. ತಿರುಗಿ ಮುಷ್ಟಿಯಿಂದ ನನ್ನ ಬಾಯಿಗೆ ಗುದ್ದಿದ. ಹಲ್ಲು ನಾಲಿಗೆಯ ಮೇಲೆ ಬಂದು ಬಿತ್ತು, ಉಗಿದೆ. ಕತ್ತು ಹಿಡಿದು ಎಡಗೋಡೆಗೆ ನನ್ನ ತಲೆಯನ್ನು ಬಡಿದ. ಒಂದು, ಎರಡು. ಕಣ್ಣು ಕತ್ತಲಾಯಿತು. ಅಷ್ಟರಲ್ಲಿ ಅವನೇ ಅರಚಿದ. ಕಡ್ಡಿ ಅವನ ತೊಡೆ ಕಚ್ಚಿಹಿಡಿದಿದ್ದಳು. ಅವನು ಬಗ್ಗಿದ. ನಾನು ಮಂಡಿಚಿಪ್ಪಿಗೆ ಹೊಡೆದೆ. ಬಿದ್ದ.

ಅವನ ಎದೆಯ ಮೇಲೆ ಕೂತೆ. ಭುಜದ ಮೂಳೆಗೆ ಹೊಡೆದೆ, ಮುರಿದದ್ದು ಕೈಗೆ ಗೊತ್ತಾಯಿತು. ಕಿವಿಗೆ ಹೊಡೆದೆ. ದವಡೆಗೆ. ಅವನು ಕೈ ಅಡ್ಡ ಹಿಡಿದ, ಆ ಬೆರಳುಗಳಿಗೆ ಹೊಡೆದೆ. "ಬಿಡಕ್ಕಾ, ತಪ್ಪಾಯ್ತು" ಎನ್ನುತ್ತಿದ್ದ. ಕೇಳಿಸುತ್ತಿತ್ತು. ನಿಲ್ಲಿಸಬೇಕೆಂದು ಅನ್ನಿಸಲಿಲ್ಲ. ಚೆನ್ನಾಗಿತ್ತು ಎಂದೇ ಬರೆಯಬೇಕು, ಇಲ್ಲಿ ಸುಳ್ಳು ಬರೆದು ಏನು ಮಾಡಲಿ.

ಆಗ ಕಡ್ಡಿ ಕೂಗಿದಳು. "ಅಪ್ಪಾ ಸಾಕು! ಅಪ್ಪಾ, ಸಾಕು ಅಪ್ಪಾ!"

ನಾನು ಹಿಂದಕ್ಕೆ ತಿರುಗಿ ನೋಡಿದೆ. ಅವಳ ಅಪ್ಪನೂ ಬಂದನೇ ಎಂದು. ಯಾರೂ ಇರಲಿಲ್ಲ. ಅವಳು ನನ್ನನ್ನೇ ನೋಡುತ್ತಿದ್ದಳು.

ಸುತ್ತಿಗೆ ಕೆಳಗಿಟ್ಟೆ.

ಬಾಗಿಲಲ್ಲಿ ಎದುರು ಮನೆಯ ಮೇಷ್ಟ್ರು ಕೋಲು ಹಿಡಿದು ನಿಂತಿದ್ದರು. "ಪೊಲೀಸ್‌ಗೆ ಫೋನ್ ಮಾಡಿದೀನಮ್ಮ" ಎಂದರು. ಆಮೇಲೆ, "ಬಾಗಿಲು ತೆಗೆದೆ ನಾನು. ಈ ಸಲ ತೆಗೆದೆ" ಎಂದು ಎರಡು ಮೂರು ಸಲ ಹೇಳಿದರು. ಪರದೆಯ ಹಗ್ಗದಿಂದ ಅವನ ಕಾಲು ಕಟ್ಟಿದವರೂ ಅವರೇ.

ಆಗಸ್ಟ್ ೫, ಸೋಮವಾರ

ತಲೆಗೆ ಏಳು ಹೊಲಿಗೆ. ಎರಡು ಹಲ್ಲು ಹೋಗಿವೆ. ಲಾರಿಯವನು ಪೊಲೀಸ್ ಕಾವಲಿನಲ್ಲಿ ಆಸ್ಪತ್ರೆಯಲ್ಲಿದ್ದಾನೆ. ಆತ್ಮರಕ್ಷಣೆ, ನೀವೇನೂ ಹೆದರಬೇಡಿ ಎಂದರು ವಕೀಲೆ.

ಪೊಲೀಸಿನವರು ಸುತ್ತಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಚೀಟಿ ಅಂಟಿಸಿದರು. "ಎಷ್ಟು ಸಲ ಹೊಡೆದ್ರಿ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

"ಹದಿಮೂರು" ಎಂದಳು ಕಡ್ಡಿ.

ಅವಳು ಎಣಿಸುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಆಗಸ್ಟ್ ೧೩, ಮಂಗಳವಾರ

ಕತ್ತರಿ, ಇಕ್ಕಳ, ಉಳಿ ಎಲ್ಲ ಅಂಗಡಿಗೆ ಒಯ್ದು ಇಟ್ಟೆ. ಮನೆಯಲ್ಲಿ ಇನ್ನು ಗೋಂದಿನ ಕೆಲಸ ಮಾತ್ರ. ಯಜಮಾನರು "ಮೊಳೆಯಕ್ಕ ಹೋಗಿ ಗೋಂದಕ್ಕ ಆದ್ಯಾ?" ಎಂದು ನಕ್ಕರು. ನಗಲಿ.

ಕಡ್ಡಿ ನನ್ನ ಜೊತೆ ಮಾತು ಕಮ್ಮಿ ಮಾಡಿದ್ದಾಳೆ. ನಾನು ಪಾತ್ರೆ ಜೋರಾಗಿ ಇಟ್ಟರೂ ಬೆಚ್ಚುತ್ತಾಳೆ. ಮೆಲ್ಲಗೆ ಇಡುತ್ತಿದ್ದೇನೆ. ಬೀರುವಿನ ಬಾಗಿಲಿಗೆ, ಸ್ಟೂಲಿನ ಕಾಲುಗಳಿಗೆ, ಕುರ್ಚಿಯ ಕಾಲುಗಳಿಗೆಲ್ಲ ಸ್ಪಂಜು ಅಂಟಿಸಿದೆ. ಈಗ ಮನೆಯಲ್ಲಿ ಏನೂ ಸದ್ದು ಮಾಡುವುದಿಲ್ಲ.

ಆಗಸ್ಟ್ ೨೭, ಮಂಗಳವಾರ

ಸಾಕ್ಷಿ ಆಯಿತು.

ಮುಚ್ಚಿದ ಕೋಣೆ. ಅವನು ಅವಳಿಗೆ ಕಾಣದ ಹಾಗೆ ನಡುವೆ ತಟ್ಟಿ ನಿಲ್ಲಿಸಿದ್ದರು. ನನ್ನನ್ನು ಹಿಂದೆ ಕೂರಲು ಬಿಟ್ಟರು, ಬಾಯಿ ತೆರೆಯಬಾರದು ಎಂದು. ಅವಳು ಎಲ್ಲ ಹೇಳಿದಳು. ಇಸ್ತ್ರಿಪೆಟ್ಟಿಗೆಯ ತಂತಿ ಇನ್ನೂ ಗೋಡೆಯಲ್ಲೇ ಸಿಕ್ಕಿಸಿತ್ತು ಎಂದಳು. ಎಷ್ಟು ಏಟು ಎಂದೂ ಹೇಳಿದಳು. ಗೋಡೆಗೆ ಬಿದ್ದದ್ದನ್ನು ಬೇರೆಯಾಗಿ.

ಅವನ ವಕೀಲ ಎದ್ದ. ಮೆತ್ತಗಿನ ದನಿ.

"ಇದನ್ನೆಲ್ಲ ದೊಡ್ಡಮ್ಮ ಹೇಳ್ಕೊಟ್ರಾ ಪುಟ್ಟಾ?"

"ಇಲ್ಲ. ದೊಡ್ಡಮ್ಮ ಅಲ್ಲಿರ್ಲಿಲ್ಲ."

"ದೊಡ್ಡಮ್ಮ ನಿನಗೆ ಹೊಡೀತಾರಾ?"

"ಒಂದ್ಸಲ ಹೊಡೆದ್ರು. ಆಮೇಲೆ ದೊಡ್ಡಪ್ಪನಿಗೆ ಹೊಡೆದ್ರು. ಬಹಳ ಹೊಡೆದ್ರು."

"ಹಾಗಾದ್ರೆ ದೊಡ್ಡಮ್ಮನ ಕಂಡ್ರೆ ಭಯ. ಅವರು ಹೇಳಿದ ಹಾಗೆ ಹೇಳ್ಬೇಕು. ಅಲ್ವಾ?"

"ಭಯ ಇದೆ. ಸ್ವಲ್ಪ. ಆದ್ರೆ ನಾನು ಸಾಕು ಅಂದೆ, ದೊಡ್ಡಮ್ಮ ನಿಲ್ಲಿಸಿದ್ರು. ಅಪ್ಪನಿಗೂ ಸಾಕು ಅಂದಿದ್ದೆ. ಮಂಚದ ಕೆಳಗಿಂದ. ಅಪ್ಪ ನಿಲ್ಲಿಸ್ಲಿಲ್ಲ."

ನ್ಯಾಯಾಧೀಶೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ವಕೀಲ ಕಾಗದ ತಿರುವಿದ, ಮತ್ತೆ ತಿರುವಿದ, ಕೂತ. ತಟ್ಟಿಯ ಆಚೆ ಯಾರೋ ಬಿಕ್ಕಿದ ಸದ್ದು. ಅವನೇ ಇರಬೇಕು.

ಮುಂದಿನ ಸಾಕ್ಷಿ ಮೇಷ್ಟ್ರದ್ದು. ತಾವಾಗಿಯೇ ಕೇಳಿಕೊಂಡಿದ್ದಾರೆ. ರೇಡಿಯೊ ವಿಷಯವನ್ನೂ ಹೇಳುತ್ತಾರಂತೆ.

ಮನೆಗೆ ಬಂದು ಇಬ್ಬರೂ ಹಾಲು ಕುಡಿದೆವು. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಎರಡು ಗಂಟೆ ಕಾಲು ಅಲುಗಿಸಲಿಲ್ಲ. ಜೋಮು ಹಿಡಿದು ಈಗಲೂ ಕುಂಟುತ್ತಿದ್ದೇನೆ.

ಸೆಪ್ಟೆಂಬರ್ ೧೫, ಭಾನುವಾರ

ಶಾಲೆಯ ಹಾಸ್ಟೆಲಿನಿಂದ ಕಾಗದ ಬಂದಿದೆ, ಒಂದು ಜಾಗ ಖಾಲಿಯಿದೆ ಎಂದು. ಒಳ್ಳೆಯ ದಪ್ಪ ಕಾಗದ. ಗೋಂದು ಕಲಸುವಾಗ ಬಟ್ಟಲಿನ ಕೆಳಗೆ ಹಾಸಿಕೊಂಡೆ.

ಹಳೇ ನಕ್ಷೆ ಪುಸ್ತಕದ ಹಾಳೆಗಳನ್ನು ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸುತ್ತಿದ್ದೇವೆ. ಗುಳ್ಳೆ ಬರದ ಹಾಗೆ ನಡುವಿನಿಂದ ಅಂಚಿಗೆ ಸವರಬೇಕು. ಕಡ್ಡಿ ಸಮುದ್ರವನ್ನೆಲ್ಲ ತಲೆಕೆಳಗಾಗಿ ಅಂಟಿಸಿದ್ದಾಳೆ. ಮೊದಲಾಗಿದ್ದರೆ ಕಿತ್ತು ಸರಿಮಾಡುತ್ತಿದ್ದೆ. ಬೇಜಾರು, ಬಿಟ್ಟೆ.

ಅಕ್ಟೋಬರ್ ೧೦, ಗುರುವಾರ

ಜೀವಾವಧಿ.

ವಕೀಲೆ ನನ್ನ ಕೈ ಅದುಮಿದರು. ಗಲ್ಲು ಆಗಲಿಲ್ಲವೆಂದು ನಾನು ಸಿಡಿಮಿಡಿಗೊಳ್ಳುತ್ತೇನೆ ಎಂದುಕೊಂಡಿದ್ದರೇನೋ. ನಾನು ಕಡ್ಡಿಯ ಶಾಲೆ ಬಿಡುವ ಹೊತ್ತಾಯಿತಲ್ಲ ಎಂದು ಗಡಿಯಾರ ನೋಡುತ್ತಿದ್ದೆ. ಅವನನ್ನು ನನ್ನ ಪಕ್ಕದಿಂದಲೇ ಕರೆದುಕೊಂಡು ಹೋದರು. ಅರ್ಧಕ್ಕರ್ಧ ಇಳಿದುಹೋಗಿದ್ದಾನೆ. ಅವನ ಮುಖಕ್ಕೆ ಉಗಿಯಬೇಕೆಂದು ಎಷ್ಟು ದಿನ ಕಾದಿದ್ದೆ. ಬಾಗಿಲ ಹತ್ತಿರ ನಿಂತು, "ಮಗು ಹೇಗಿದೆ?" ಎಂದ.

"ಊಟ ಮಾಡ್ತಾಳೆ" ಎಂದೆ.

ಅಷ್ಟೇ ಬಂದದ್ದು ಬಾಯಿಗೆ.

ಲಾರಿಯವನಿಗೆ ಬೇರೆ ಕೇಸು. ಅದು ಇನ್ನೂ ನಡೆಯಬೇಕು.

ಅಕ್ಟೋಬರ್ ೧೩, ಭಾನುವಾರ

ಹಾಲಿನ ಎಡಗೋಡೆಗೆ ಏನಾದರೂ ಮಾಡೋಣ ಎಂದು ಕಡ್ಡಿಯೇ ಹೇಳಿದಳು. ಇಷ್ಟು ದಿನ ಇಬ್ಬರೂ ಅದನ್ನು ಬರೀ ಬಿಳಿಯಾಗಿಯೇ ಬಿಟ್ಟಿದ್ದೆವು. ಬಣ್ಣ ಅವಳದೇ ಆಯ್ಕೆ, ಬಿಳಿ ಬಣ್ಣಕ್ಕೆ ಹಳದಿ ಕಲಸಿದ್ದು. ಮೇಷ್ಟ್ರು ತಮ್ಮ ಏಣಿ ಕೊಟ್ಟರು. ಏಣಿಯ ಕಾಲು ಹಿಡಿದು ಅರ್ಧ ದಿನ ಪಾಠ ಬೇರೆ ಮಾಡಿದರು, ಬ್ರಷ್ ಹೀಗೆ ಹಿಡಿ, ಹಾಗೆ ಹಿಡಿ ಎಂದು. ನಾನು ಮೇಲಿನ ಅರ್ಧ, ಅವಳು ಕೆಳಗಿನ ಅರ್ಧ.

ಸಂಜೆಯ ಹೊತ್ತಿಗೆ ಅವಳು ತಲೆಯಿಂದ ಪಾದದವರೆಗೆ ಹಳದಿಯಾಗಿದ್ದಳು. ಬ್ರಷ್ ತೊಳೆಯುತ್ತಾ ಕೇಳಿದಳು.

"ದೊಡ್ಡಮ್ಮ, ಜೈಲಲ್ಲಿ ಅಪ್ಪಂಗೆ ಗೋಡೆಗೆ ಬಣ್ಣ ಹೊಡ್ಕೊಳ್ಳೋಕೆ ಬಿಡ್ತಾರಾ?"

ಬಕೆಟ್ಟಿನ ನೀರು ಹಳದಿಯಾಗುವುದನ್ನು ನೋಡುತ್ತಿದ್ದೆ. ಅವಳು ಕೇಳಿದ್ದು ಸುಮ್ಮನೆ, ತಿಳಿದುಕೊಳ್ಳಲಿಕ್ಕೆ.

"ಗೊತ್ತಿಲ್ಲ ಮಗಳೇ. ಕೇಳಿ ಹೇಳ್ತೀನಿ" ಎಂದೆ.

ಯಾಕೆ ಹಾಗೆಂದೆನೋ. ಅಂದಾಯಿತಲ್ಲ, ನಾಳೆ ವಕೀಲೆಗೆ ಫೋನ್ ಮಾಡಿ ಕೇಳಬೇಕು.